12ಕ್ಕೆ 13 ಕೂಡಿಸಿದರೆ 25 ಆಗೋದಿಲ್ಲ: ಬೆಳಗಾವಿಯಲ್ಲಿ ಸ್ಕಾಚ್ ಕೊಳ್ಳುವವರು ದಯವಿಟ್ಟು ಓದಿ

ಮೂರು ವಾರದಿಂದ ಇದನ್ನು ಬರೆಯಲೋ ಬೇಡವೋ ಅಂತ ಒದ್ದಾಡುತ್ತಿದ್ದೆ. ನಾಲ್ಕು ಮಂದಿ ಹಿರಿಯರ ಮುಂದೆ ತಲೆ ತಗ್ಗಿಸಿದ ಸಂಗತಿಯನ್ನು ಊರಿಗೆಲ್ಲ ಹೇಳಿಕೊಳ್ಳೋದು ಸುಲಭವಲ್ಲ. ಆದರೆ ನಿನ್ನೆ ರಾತ್ರಿ ಗೆಳೆಯನೊಬ್ಬ ತನ್ನ ಫೋನಿನಲ್ಲಿ, ನನಗೆ ಸ್ಕಾಚ್ ಮಾರಿ ಮೋಸ ಮಾಡಿದ ಆ ಮನುಷ್ಯನ ವಾಟ್ಸಾಪ್ ಸ್ಟೇಟಸ್ ತೋರಿಸಿದ. ಅದೇ ಕಟ್ಟಿಗೆಯ ಪೆಟ್ಟಿಗೆ, ಒಳಗೆ ಅದೇ ಕೆಂಪು ಮಖಮಲ್ಲು. ಈ ಸಲ "30 ವರ್ಷದ ಸ್ಕಾಚ್, ಒಂದ ಬಾಟ್ಲಿ ಉಳದೈತಿ" ಅಂತ ಹಾಕಿದ್ದಾನೆ. ನನ್ನನ್ನು ಬ್ಲಾಕ್ ಮಾಡಿದ್ದರಿಂದ ನನಗೆ ಕಾಣಿಸಿರಲಿಲ್ಲ. ಇನ್ನೊಬ್ಬ ಸಿಕ್ಕಿಬೀಳುವ ಮೊದಲು ಬರೆದುಬಿಡುತ್ತೇನೆ.

ನಮ್ಮ ಸೋದರಮಾವ ಗೋಕಾಕದಲ್ಲಿರುತ್ತಾರೆ. ಅಪ್ಪ ತೀರಿಕೊಂಡಾಗ ನನ್ನ ಡಿಪ್ಲೊಮಾದ ಫೀ ಕಟ್ಟಿದವರು ಈ ಮಾಮಾ. 34 ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಈಗ ನಿವೃತ್ತರಾದರು. ದಿನಾ ಕುಡಿಯುವವರಲ್ಲ. ವರ್ಷಕ್ಕೆ ಎರಡೋ ಮೂರೋ ಸಲ, ತೋಟದ ಮನೆಯಲ್ಲಿ, ಹಳೇ ಗೆಳೆಯರ ಜೊತೆ, ಅಷ್ಟೇ. "ಒಮ್ಮೆ ಖರೇ ಖರೇ ಹಳೇ ಸ್ಕಾಚ್ ರುಚಿ ನೋಡಬೇಕಲೇ" ಅಂತ ಹತ್ತು ವರ್ಷದಿಂದ ಅನ್ನುತ್ತಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತಿತ್ತು. "ಒಂದ ಶಾಲು, ಎರಡ ಕಿಲೋ ಕುಂದಾ ಒಯ್ದ್ರ ಸಾಕಲ್ರಿ" ಅಂದಳು ಹೆಂಡತಿ. ನಾನು ಕೇಳಲಿಲ್ಲ.

ಬೆಳಗಾವಿಯಲ್ಲಿ ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಊರೊಳಗೇ ಮಿಲಿಟರಿ ಕ್ಯಾಂಪು. ಓಣಿಗೆ ಇಬ್ಬರಾದರೂ ದುಬೈ, ಮಸ್ಕತ್ತಿನಲ್ಲಿ ದುಡಿಯುವವರು. "ನಮ್ಮವ ಒಬ್ಬ ಅದಾನ, ತರಿಸಿ ಕೊಡ್ತಾನ" ಅನ್ನುವವರು ಎಲ್ಲ ಆಫೀಸಿನಲ್ಲೂ ಸಿಗುತ್ತಾರೆ. ನನಗೂ ನಂಬರ್ ಆಫೀಸಿನಲ್ಲೇ ಸಿಕ್ಕಿತು. ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ಹತ್ತಿರ ಸಂಜೆ ಏಳಕ್ಕೆ ಬಾ ಅಂದ. ಹೋದೆ. ಕಾರಿನ ಡಿಕ್ಕಿ ತೆಗೆದ. ಬಟ್ಟೆ ಸುತ್ತಿದ ಏಳೆಂಟು ಬಾಟ್ಲಿ, ಪಕ್ಕದಲ್ಲಿ ಆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬಂಗಾರದ ಬಣ್ಣದಲ್ಲಿ 25 ಅಂತ ದೊಡ್ಡದಾಗಿ ಇತ್ತು.

"ಅಣ್ಣಾರ, ಗಿಫ್ಟಿಗೆ ಅಂದ್ರಿ ಅಂತ ತಂದೇನಿ. ಎಲ್ಲಾರಿಗೂ ತೋರಸೂದಿಲ್ಲ ಇದನ್ನ."

ಬಾಟ್ಲಿ ಕೈಗೆ ತೆಗೆದುಕೊಂಡೆ. ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಒಂದು ಹೆಸರುವಾಸಿ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ಹೆಸರು ಬರೆಯುವುದಿಲ್ಲ, ಆ ಕಂಪನಿಯ ತಪ್ಪು ಇದರಲ್ಲಿ ಏನೂ ಇಲ್ಲ. ಲೇಬಲ್ ಮೇಲೆ 12 ಅಂತ ಇತ್ತು. ನಾನು ನೋಡಿದೆ. ನೋಡಿ ಸುಮ್ಮನಿರಲಿಲ್ಲ, ಕೇಳಿದೆ ಕೂಡ: "ಇದರ ಮ್ಯಾಲ 12 ಐತಲ್ಲ?"

"ಹೌದ್ರಿ. ಕಂಪನ್ಯಾಗ 12 ವರ್ಷ ಇಟ್ಟಾರ. ನಮ್ಮ ಕಾಕಾ 2012ರಾಗ ಲಂಡನ್‌ದಿಂದ ತಂದ್ರು. ಅವತ್ತಿಂದ ಕಪಾಟಿನ್ಯಾಗ ಮಲಗಿಸಿ ಇಟ್ಟಾರ, ಮುಚ್ಚಳ ಸೈತ ಮುಟ್ಟಿಲ್ಲ. 13 ವರ್ಷ ಆತು. 12, 13 ಎಷ್ಟಾತ್ರಿ ಅಣ್ಣಾರ?"

"ಇಪ್ಪತ್ತೈದು" ಅಂದೆ.

ನಾನೇ ಅಂದೆ. ನನ್ನ ಬಾಯಿಂದಲೇ ಹೇಳಿಸಿದ. ಈ ಒಂದು ಮಾತು ಇವತ್ತಿಗೂ ನನ್ನನ್ನು ನಿದ್ದೆ ಮಾಡಗೊಡುತ್ತಿಲ್ಲ.

ಯಾಕೆ ನಂಬಿದೆ ಅಂತ ಕೇಳಬಹುದು. ನಮ್ಮಲ್ಲಿ ಉಪ್ಪಿನಕಾಯಿ ಹಳೇದಾದಷ್ಟು ರುಚಿ, ಜೇನು ಹಳೇದಾದಷ್ಟು ಔಷಧ. ವೈನಿನ ಬಗ್ಗೆಯೂ ಹಾಗೇ ಕೇಳಿದ್ದೆ. ವಿಸ್ಕಿಯೂ ಹಾಗೇ ಇರಬೇಕು ಅಂದುಕೊಂಡೆ. ಮೇಲಿಂದ ಅವನು ಫೋನ್ ತೆಗೆದು ಒಂದು ಸುದ್ದಿ ತೋರಿಸಿದ. 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 1926ರ ಮೆಕಾಲನ್ ಅನ್ನುವ ಸ್ಕಾಚಿನ ಬಾಟ್ಲಿಯೊಂದು ನಮ್ಮ ಲೆಕ್ಕದಲ್ಲಿ 20 ಕೋಟಿಗೂ ಮೇಲೆ ಮಾರಾಟವಾದ ಸುದ್ದಿ. ಅದು ನಿಜವಾದ ಸುದ್ದಿಯೇ. "ಹಳೇ ಬಾಟ್ಲಿ ಅಂದ್ರ ಬಂಗಾರ ಇದ್ದಂಗ್ರಿ. ಕುಡದ್ರೂ ಲಾಭ, ಇಟ್ರೂ ಲಾಭ" ಅಂದ. 32,000 ಕೊಟ್ಟೆ. ಜೊತೆಗೆ ನನಗಂತ ಒಂದು ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಸ್ಕಾಚ್, "ದುಬೈ ಏರ್‌ಪೋರ್ಟಿನ ಡ್ಯೂಟಿ ಫ್ರೀ ಮಾಲು" ಅಂತ 3,200ಕ್ಕೆ ಕೊಟ್ಟ. ಫೋನ್‌ಪೇ ಮಾಡಲು ಹೋದರೆ "ಅದೆಲ್ಲಾ ಬ್ಯಾಡ್ರಿ, ಕ್ಯಾಶ್ ಕೊಡ್ರಿ" ಅಂದ. ಎಟಿಎಮ್ಮಿಗೆ ಹೋಗಿ ಎರಡು ಕಾರ್ಡಿನಿಂದ ತೆಗೆದು ತಂದುಕೊಟ್ಟೆ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಗೋಕಾಕದ ಆ ರಾತ್ರಿಯನ್ನು ಹೇಗೆ ಬರೆಯಲಿ. ತೋಟದ ಮನೆಯ ಕಟ್ಟೆ ಮೇಲೆ ಮಾಮಾ, ಅವರ ಮೂವರು ಗೆಳೆಯರು, ನಾನು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ. ಎಲ್ಲರ ಮುಂದೆ ಪೆಟ್ಟಿಗೆ ಕೊಟ್ಟು "ಮಾಮಾ, 25 ವರ್ಷದ್ದು" ಅಂದೆ. ಮಾಮಾನ ಕಣ್ಣಲ್ಲಿ ನೀರು ಬಂತು. ಅವರ ಗೆಳೆಯರಲ್ಲೊಬ್ಬರು ನಿಪ್ಪಾಣಿಯಲ್ಲಿ 30 ವರ್ಷ ಲೈಸೆನ್ಸಿನ ಬಾರ್ ನಡೆಸಿದವರು. ಅವರು ಬಾಟ್ಲಿ ಇಸಿದುಕೊಂಡು ಬಲ್ಬಿಗೆ ಹಿಡಿದರು. ಏನೂ ಮಾತಾಡಲಿಲ್ಲ. ಹೆಬ್ಬೆರಳನ್ನು ಬಾಟ್ಲಿಯ ಭುಜದ ಮೇಲೆ ಇಟ್ಟರು. ವಿಸ್ಕಿ ಕುತ್ತಿಗೆಯವರೆಗೂ ಇರಬೇಕಾದದ್ದು ಅವರ ಬೆರಳಿಗಿಂತ ಕೆಳಗೆ ಇಳಿದಿತ್ತು. ಸೀಲು ಹಾಗೇ ಇತ್ತು, ಮಾಲು ಮಾತ್ರ ಎರಡು ಬೆರಳು ಕಡಿಮೆ.

ಮಾಮಾ ಮುಚ್ಚಳ ತಿರುಗಿಸಿದರು. ಟಪ್ ಅಂತ ಮುರಿಯಿತು. ಅರ್ಧ ಕಾರ್ಕ್ ಕೈಯಲ್ಲಿ, ಅರ್ಧ ಕುತ್ತಿಗೆಯೊಳಗೆ. ಸ್ಕ್ರೂಡ್ರೈವರ್ ತಂದು ಕೆದಕಿದರೆ ಹಳೇ ಬೆಂಡಿನ ಹಾಗೆ ಪುಡಿಪುಡಿಯಾಗಿ ಒಳಗೆ ಉದುರಿತು. ಕೊನೆಗೆ ಚಹಾ ಸೋಸುವ ಜರಡಿ ತಂದು, ಅದರಲ್ಲಿ ಸೋಸಿ ಗ್ಲಾಸಿಗೆ ಹಾಕಿದರು. 32,000 ರೂಪಾಯಿಯ ವಿಸ್ಕಿಯನ್ನು ಚಹಾದ ಜರಡಿಯಲ್ಲಿ ಸೋಸಿದರು. ಮೂಗಿಗೆ ಹಿಡಿದರೆ ನೆನೆದ ರಟ್ಟಿನ ವಾಸನೆ. ಮಾಮಾ ಒಂದು ಗುಟುಕು ಕುಡಿದು ನನ್ನ ಮುಖ ನೋಡಿ "ಚಲೋ ಐತಿ" ಅಂದರು. ನನಗಾಗಿ ಅಂದರು. ಅದು ನನಗೆ ಗೊತ್ತಾಯಿತು, ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ನಿಪ್ಪಾಣಿಯ ಕಾಕಾ ನನ್ನನ್ನು ಬೈಯಲಿಲ್ಲ. "ತಮ್ಮಾ, ಇದನ್ನ ಮಲಗಿಸಿ ಇಟ್ಟಿದ್ರೇನು?" ಅಂತ ಕೇಳಿದರು. ಹೌದು ಅಂದೆ. "ವೈನ್ ಬಾಟ್ಲಿ ಮಲಗಿಸ್ತಾರ. ವಿಸ್ಕಿ ನಿಲ್ಲಿಸಿ ಇಡಬೇಕು. ಮಲಗಿಸಿದ್ರ ಆಲ್ಕೋಹಾಲ್ ಕಾರ್ಕ್ ತಿಂತದ." 12, 13ರ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಹೇಳಿದರು: "ಹಂಚಿನ ಮ್ಯಾಲಿಂದ ತಗದ ರೊಟ್ಟಿ ಬುಟ್ಟ್ಯಾಗ ಇಟ್ರ ಮತ್ತ ಬೇಯ್ತದೇನು?"

ವಿಸ್ಕಿಗೆ ವಯಸ್ಸು ಬರುವುದು ಓಕ್ ಮರದ ಪೀಪಾಯಿಯಲ್ಲಿ. ಪೀಪಾಯಿಯಿಂದ ಗಾಜಿಗೆ ಇಳಿದ ದಿನವೇ ಅದರ ವಯಸ್ಸು ನಿಂತಿತು. 12ರ ಬಾಟ್ಲಿ 50 ವರ್ಷ ಕಪಾಟಿನಲ್ಲಿದ್ದರೂ 12 ವರ್ಷದ್ದೇ.

ಮನೆಗೆ ಬಂದಾಗ ರಾತ್ರಿ ಹನ್ನೆರಡೂವರೆ. ನಿದ್ದೆ ಬರಲಿಲ್ಲ, ಕೂತು ಓದಿದೆ. ಅವನು ತೋರಿಸಿದ ಆ ಮೆಕಾಲನ್ನಿನ ಕಥೆಯನ್ನೇ ಮೊದಲು ಹುಡುಕಿದೆ. 1926ರಲ್ಲಿ ಬಟ್ಟಿ ಇಳಿಸಿದ್ದು, ಪೀಪಾಯಿಯಲ್ಲಿ 60 ವರ್ಷ, 1986ರಲ್ಲಿ ಬಾಟ್ಲಿಗೆ ತುಂಬಿದ್ದು. ಆ ಪೀಪಾಯಿಯಿಂದ ಬಂದದ್ದು 40 ಬಾಟ್ಲಿ ಮಾತ್ರ. ಇವನ ಲೆಕ್ಕ ಹಿಡಿದರೆ 2023ಕ್ಕೆ ಅದು 97 ವರ್ಷದ ವಿಸ್ಕಿ ಆಗಬೇಕಿತ್ತು. ಆದರೆ ಹರಾಜಿನಲ್ಲಿ ಅದನ್ನು 60 ವರ್ಷದ್ದು ಅಂತಲೇ ಮಾರಿದ್ದಾರೆ! ಅವನು ನನಗೆ ತೋರಿಸಿದ ಸುದ್ದಿಯೇ ಅವನ ಮಾತು ಸುಳ್ಳು ಅಂತ ಹೇಳುತ್ತಿತ್ತು. ಗೇಟಿನ ಹತ್ತಿರ ನಿಂತು ಎರಡು ನಿಮಿಷ ಓದಿದ್ದರೆ ಉಳಿಯುತ್ತಿದ್ದೆ.

ಆಮೇಲೆ ನನ್ನ ಬ್ಲ್ಯಾಕ್ ಲೇಬಲ್ ನೆನಪಾಯಿತು. ದುಬೈ ಮಾಲು ಅಂದಿದ್ದನಲ್ಲ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದೆ. 750 ಮಿಲಿ, 42.8 ಪರ್ಸೆಂಟ್. ನಮ್ಮ ದೇಶದ ಅಂಗಡಿಗಳಲ್ಲಿ ಬರುವ ಅಳತೆ ಅದು. ಡ್ಯೂಟಿ ಫ್ರೀಯಲ್ಲಿ ಸಾಮಾನ್ಯವಾಗಿ ಮಾರುವುದು 1 ಲೀಟರಿನ ಬಾಟ್ಲಿ. ಬಾಟ್ಲಿಯ ಬೆನ್ನಿಗೆ ಉಗುರು ತಾಗಿಸಿದೆ. ಅಂಟು. ನಮ್ಮ ಆರೋಗ್ಯದ ಎಚ್ಚರಿಕೆ, ಆಮದು ಮಾಡಿದವರ ವಿವರ ಇರುವ ಚೀಟಿಯನ್ನು ಕಿತ್ತ ಜಾಗ ಅದು. ಉಗುರಿನ ಸಂದಿಯಲ್ಲಿ ಬಿಳಿ ಕಾಗದದ ಎಳೆ ಬಂತು. ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಇಲ್ಲ. ಬಾಯಿಯಲ್ಲಿ ಮರಳಿ ತುಂಬದಂತೆ ಕೂರಿಸುವ ಗೋಲಿಯ ಬಿರಟೆ ಬೆರಳಿಗೆ ಗರಗರ ತಿರುಗುತ್ತಿತ್ತು. ಅಂದರೆ ಇಲ್ಲಿನದೇ ಯಾವುದೋ ಬಾರಿನ ಖಾಲಿ ಬಾಟ್ಲಿ, ಒಳಗೆ ಏನು ತುಂಬಿದ್ದಾರೋ ದೇವರೇ ಬಲ್ಲ. ಒಂದು ಹನಿ ಕುಡಿದಿಲ್ಲ. ಹಾಗೇ ಇಟ್ಟಿದ್ದೇನೆ.

ಬೆಳಿಗ್ಗೆ ಅವನಿಗೆ ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನು ಒಂದಕ್ಷರ ಬದಲಿಸದೆ ಕೊಡುತ್ತೇನೆ.

"ಅಣ್ಣಾರ ನಾ ಏನ ಸುಳ್ಳ ಹೇಳೇನಿ? 12 ಅಂತ ಬರದದ್ದು ನೀವ ನೋಡೀರಿ."

ಪೆಟ್ಟಿಗೆ ಮೇಲಿನ 25 ಏನು ಅಂದೆ. "ಅದು ಪೆಟಗಿ ನಂಬರ್ರಿ."

ಪೆಟ್ಟಿಗೆಯ ನಂಬರ್! ಎರಡು ಸಲ ಓದಿದೆ. ಆಮೇಲೆ ಇನ್ನೊಂದು ಬಂತು: "25 ಅಂತ ಅಂದವರು ನೀವ. ನಾ ಅಂದಿಲ್ಲ."

ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಯಾಕಂದರೆ ಅದು ಖರೇ. ಅಂದವನು ನಾನೇ. ಅದಕ್ಕೇ ಅವತ್ತು ನನ್ನ ಕೈಲೇ ಕೂಡಿಸಿದ.

ಕಾರ್ಕ್ ಪುಡಿಯಾದ ಫೋಟೋ ಕಳಿಸಿದೆ. "ಹಳೇ ಮಾಲು ಹಂಗ ಇರ್ತದರಿ. ರುಚಿ ಗೊತ್ತಿದ್ದವರಿಗೆ ಕೊಡಬೇಕಿತ್ತು." ನನ್ನ ಮಾಮಾನ ಬಗ್ಗೆ ಈ ಮಾತು. ನಾನು ಪೊಲೀಸರಿಗೆ ಹೋಗುತ್ತೇನೆ ಅಂದೆ. ಆಗ ಬಂದ ಉತ್ತರ ಇದು: "ಹೋಗ್ರಿ. ಏನಂತ ಬರಸ್ತೀರಿ? ಬಿಲ್ ಐತೇನು? ಡಿಕ್ಕಿಯಿಂದ ತಗೊಂಡೇನಿ ಅಂತ ಬರಸ್ತೀರೇನು? ಮೊದಲ ನಿಮ್ಮನ್ನ ಕೂಡಸ್ತಾರ." ಅದಾದ ಮೇಲೆ ಬ್ಲಾಕ್.

ನೋಡಿ, ಅವನ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಕೊಂಡವನು ಬಾಯಿ ಬಿಡುವುದಿಲ್ಲ. ಬಿಲ್ಲಿಲ್ಲ, ಫೋನ್‌ಪೇ ಗುರುತಿಲ್ಲ, ಕೊಂಡವನಿಗೇ ಅಪರಾಧಿ ಭಾವ.

ಮೋಸ ಹೋಗುವವರು ನಮ್ಮಂಥವರಷ್ಟೇ ಅಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ ಚೀನಾದ ಗಿರಾಕಿಯೊಬ್ಬರು 1878ರ ಮೆಕಾಲನ್ ಅಂತ ಒಂದೇ ಪೆಗ್ಗಿಗೆ ಹತ್ತಿರಹತ್ತಿರ 10,000 ಫ್ರಾಂಕ್ ಕೊಟ್ಟರು. ಅನುಮಾನ ಬಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಎಷ್ಟು ಹಳೇದು ಅಂತ ಹೇಳುವ ಕಾರ್ಬನ್ ಪರೀಕ್ಷೆ ಮಾಡಿಸಿದರೆ ಅದು 1970ರ ದಶಕದ ಮೊದಲ ವರ್ಷಗಳ ಮಾಲು. ಆ ಹೋಟೆಲಿನವರು ಗಿರಾಕಿಗೆ ಪೂರ್ತಿ ಹಣ ಮರಳಿ ಕೊಟ್ಟರು. ಅವರೂ ಮೋಸ ಹೋದವರೇ, ಆದರೂ ಕೊಟ್ಟರು. ಮರುವರ್ಷ ಸ್ಕಾಟ್ಲೆಂಡಿನ ಒಂದು ಸಂಶೋಧನಾ ಕೇಂದ್ರದವರು 55 ಅಪರೂಪದ ಬಾಟ್ಲಿಗಳನ್ನು ಪರೀಕ್ಷಿಸಿದಾಗ 21 ನಕಲಿ ಸಿಕ್ಕವು. ಅಷ್ಟು ತಿಳಿದವರ ನಡುವೆಯೇ ಹೀಗಾದರೆ, ಡಿಕ್ಕಿಯ ಕತ್ತಲಲ್ಲಿ ನೋಡಿದ ನನಗೆ, ನಿಮಗೆ ಏನು ಗೊತ್ತಾಗಬೇಕು?

ಗಿಫ್ಟ್ ಕೊಡುವವರಿಗೆ ಮೊದಲು ಹೇಳುತ್ತೇನೆ, ಉರಿ ಅಲ್ಲೇ ಜಾಸ್ತಿ. ಲೈಸೆನ್ಸಿನ ಅಂಗಡಿಯಲ್ಲಿ ಕೊಳ್ಳಿ, ಬಿಲ್ ತೊಗೊಳ್ಳಿ, ಮುಚ್ಚಳದ ಅಬಕಾರಿ ಲೇಬಲ್ ನೋಡಿ. ಲೇಬಲ್ ಮೇಲಿನ ವಯಸ್ಸು ಅಂದರೆ ಒಳಗಿರುವ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು, ಅದಕ್ಕೆ ಯಾರೂ ಏನನ್ನೂ ಕೂಡಿಸುವಂತಿಲ್ಲ. 12 ವರ್ಷದ ಒಳ್ಳೆಯ ಬಾಟ್ಲಿ ಒಯ್ದಿದ್ದರೂ ಮಾಮಾ ಖುಷಿಯಾಗುತ್ತಿದ್ದರು. ಸ್ಕಾಚ್ ಸಿಂಗಲ್ ಮಾಲ್ಟ್ ಮೇಲೆ ಭಾರತದಲ್ಲಿ ತುಂಬಿದ್ದು ಅಂತ ಕಂಡರೆ ಅಲ್ಲೇ ಇಟ್ಟು ಬನ್ನಿ. 2012ರ ನವೆಂಬರಿನಿಂದ ಸ್ಕಾಚ್ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನಲ್ಲೇ ಬಾಟ್ಲಿಗೆ ತುಂಬಬೇಕು ಅಂತ ಅವರ ಕಾಯ್ದೆಯೇ ಇದೆ. ಬ್ಲೆಂಡೆಡ್, ಅಂದರೆ ಹಲವು ವಿಸ್ಕಿ ಬೆರೆಸಿದ ಸ್ಕಾಚಿಗೆ ಆ ನಿರ್ಬಂಧ ಇಲ್ಲ. ವ್ಯಾಟ್ 69, ಬ್ಲ್ಯಾಕ್ ಡಾಗ್, ಟೀಚರ್ಸ್ ಅಂಥವನ್ನು ಸ್ಕಾಟ್ಲೆಂಡಿನಿಂದ ತಂದು ಇಲ್ಲಿ ತುಂಬುತ್ತಾರೆ, ಅವೂ ಸ್ಕಾಚೇ. ಮನೆಯಲ್ಲಿ ಕುಡಿಯೋದಕ್ಕೆ ಅದು ಸಾಕು, ಡ್ಯೂಟಿ ಫ್ರೀ ಹೆಸರಿಗೆ ಬಾಯಿ ಬಿಡಬೇಡಿ. ಕೂಡಿಡುವ ಹುಚ್ಚಿದ್ದವರು ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ, ಬೆಳಕಿಗೆ ಹಿಡಿದು ಮಟ್ಟ ನೋಡಿ, ನಿಲ್ಲಿಸಿ ಇಡಿ. ಕುಡಿದು ಮುಗಿದ ಒಳ್ಳೆಯ ಬಾಟ್ಲಿಯನ್ನು ಗುಜರಿಗೆ ಹಾಕುವ ಮೊದಲು ಲೇಬಲ್ ಗೀರಿ ಹಾಕಿ, ಪೆಟ್ಟಿಗೆ ಹರಿದು ಹಾಕಿ. ನನ್ನ ಬ್ಲ್ಯಾಕ್ ಲೇಬಲ್ ಹುಟ್ಟಿದ್ದು ಅಂಥ ಖಾಲಿ ಬಾಟ್ಲಿಯಿಂದಲೇ.

ವಕೀಲ ಗೆಳೆಯರೊಬ್ಬರನ್ನು ಕೇಳಿದೆ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ನೀನೂ ಕೊಂಡವನು, ಪ್ರಶ್ನೆ ಬರಬಹುದು, ಆದರೆ ತಾನಾಗಿ ಹೋಗಿ ಹೇಳಿದವನ ಮಾತಿಗೆ ತೂಕ ಇರುತ್ತದೆ ಅಂದರು. ಸೋಮವಾರ ಎರಡೂ ಬಾಟ್ಲಿ, ಆ ಪೆಟ್ಟಿಗೆ, ಮೆಸೇಜುಗಳ ಪ್ರಿಂಟು ಹಿಡಿದು ಅಬಕಾರಿ ಆಫೀಸಿಗೆ ಹೋಗುತ್ತಿದ್ದೇನೆ. ಮಾಮಾ ಗೋಕಾಕದಿಂದ ಬೆಳಗಿನ ಬಸ್ಸಿಗೆ ಬರ್ತೀನಿ ಅಂದಿದ್ದಾರೆ, ಬೇಡ ಅಂದರೂ ಕೇಳುತ್ತಿಲ್ಲ. ಮೂರನೇ ಗೇಟಿನಲ್ಲಿ ನಿಂತು ಆ ಡಿಕ್ಕಿಯಿಂದ ಕೊಂಡವರು ಇನ್ನೂ ಯಾರಾದರೂ ಇದ್ದರೆ, ಅವನ ಸ್ಟೇಟಸಿನ ಫೋಟೋ ತೆಗೆದಿಟ್ಟುಕೊಂಡು ಬನ್ನಿ. ಹನ್ನೊಂದು ಗಂಟೆಗೆ ಅಲ್ಲಿರುತ್ತೇವೆ.