ಕಾರಿಗೆ ಆಂಪ್ ವೈರಿಂಗ್ ಮಾಡಿಸೋರೇ, ವೈರ್ ಕೆರೆದು ನೋಡದೆ ರೊಕ್ಕ ಕೊಡಬೇಡಿ

ಹುಬ್ಬಳ್ಳಿಯ ಒಂದು ಕಾರ್ ಡೆಕೋರ್ ಅಂಗಡಿಯಲ್ಲಿ ಕಾರಿನ ಆಂಪಿಗೆ (ಹಾಡಿನ ಸದ್ದು ಹೆಚ್ಚಿಸೋ ಆಂಪ್ಲಿಫೈಯರ್) 12,300 ರೂಪಾಯಿ ಕೊಟ್ಟು "ಪ್ಯೂರ್ ಕಾಪರ್, 4 ಗೇಜ್" ಅಂತ ಹಾಕಿಸಿಕೊಂಡ ವೈರು ಕಾಪರೂ ಅಲ್ಲ, 4 ಗೇಜೂ ಅಲ್ಲ (ಗೇಜ್ ಅಂದರೆ ವೈರಿನ ದಪ್ಪದ ನಂಬರ್, ನಂಬರ್ ಹೆಚ್ಚಾದಷ್ಟೂ ವೈರ್ ತೆಳು). ಅಲ್ಯುಮಿನಿಯಂ. ಮೇಲೆ ತೆಳ್ಳಗೆ ತಾಮ್ರ ಹಚ್ಚಿದ ಅಲ್ಯುಮಿನಿಯಂ. ಅಂಗಡಿ ಹೆಸರು ಬರೆಯೋದಿಲ್ಲ, ಕೇಳಬೇಡಿ. ಇದೇ ರೋಲು ಇನ್ನೂ ಎಷ್ಟು ಅಂಗಡಿಯಲ್ಲಿ ನೇತಾಡ್ತಿದೆಯೋ, ವೈರ್ ಗುರುತು ಹಿಡಿಯೋದು ಕಲಿತರೆ ಸಾಕು.

ಬಿಲ್ ಹೀಗೆ: ವೈರ್ 8 ಮೀಟರ್, ಮೀಟರಿಗೆ 650ರಂತೆ 5,200. ಫ್ಯೂಸ್ ಹೋಲ್ಡರ್, ಲಗ್ಗು (ವೈರಿನ ತುದಿಗೆ ಹಾಕೋ ಲೋಹದ ಕೊಂಡಿ), ಸ್ಲೀವು 1,500. ಮಜೂರಿ 3,000. ಆಮೇಲೆ ಕೆಪಾಸಿಟರ್ (ಸ್ವಲ್ಪ ಕರೆಂಟ್ ಹಿಡಿದಿಟ್ಟು ಥಟ್ಟನೆ ಕೊಡೋ ಡಬ್ಬಿ) 2,600. ಆ ಕೆಪಾಸಿಟರ್ ಕಥೆ ಬೇರೆ, ನೆನೆಸಿಕೊಂಡರೆ ನನಗೇ ನಾಚಿಕೆ. ಬಿಲ್ ಅಂದೆ, ಅದು ಹಾಳೆ ಹರಿದು ಬರೆದುಕೊಟ್ಟ ಕಚ್ಚಾ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಸಿಕ್ಕಾ ಇಲ್ಲ.

ಮಾತಾಗಿದ್ದು "ಬಿಗ್ ತ್ರೀ" ಜೊತೆಗೆ ಆಂಪ್ ಲೈನ್. ಬಿಗ್ ತ್ರೀ ಅಂದರೆ ಕಂಪನಿ ಹಾಕಿದ ಮೂರು ವೈರಿಗೆ ಜೊತೆಯಾಗಿ ದಪ್ಪ ವೈರ್ ಎಳೆಯೋದು: ಡೈನಮೋದಿಂದ ಬ್ಯಾಟ್ರಿ ಪ್ಲಸ್‌ಗೆ ಒಂದು, ಬ್ಯಾಟ್ರಿ ಮೈನಸ್‌ನಿಂದ ಬಾಡಿಗೆ ಒಂದು, ಎಂಜಿನ್ ಬ್ಲಾಕ್‌ನಿಂದ ಬಾಡಿಗೆ ಒಂದು. ಮೂರಕ್ಕೂ ರೊಕ್ಕ ತಗೊಂಡು ಹಾಕಿದ್ದು ಎರಡು. ಮೂರನೆಯದು ಎಲ್ಲಿ ಅಂತ ಬಾನೆಟ್ ಎತ್ತಿ ಹುಡುಕಿದರೆ, ಕಂಪನಿಯವರ ಹಳೇ ಅರ್ತ್ ಪಟ್ಟಿಗೇ ಅಂಗಡಿಯವನು ಕರಿ ಸ್ಲೀವ್ ತೊಡಿಸಿ ಎರಡು ಕೇಬಲ್ ಟೈ ಬಿಗಿದಿದ್ದ. ಮೇಲಿಂದ ನೋಡಿದರೆ ಹೊಸಾ ದಪ್ಪ ವೈರ್. ಸ್ಲೀವ್ ಹಿಂದೆ ಸರಿಸಿದರೆ ಮಣ್ಣು ಮೆತ್ತಿದ ಹಳೇ ಪಟ್ಟಿ.

ಆಂಪು ಮೊನೊಬ್ಲಾಕ್ (ಒಂದೇ ಚಾನೆಲ್ಲಿನದು, ಬೇಸ್‌ಗೆ), ಕ್ಲಾಸ್ ಡಿ, 500 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಕೊಡೋ ನಿಜವಾದ ಪವರ್. ಡಬ್ಬದ ಮೇಲೆ 3000 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತಲ್ಲ, ಅದನ್ನ ಮರೆತುಬಿಡಿ. ಮೈಮೇಲಿನ ಫ್ಯೂಸ್ ನೋಡಿ: 30ರವು ಎರಡು. 60 ಆಂಪಿಯರ್, 13.8 ವೋಲ್ಟ್, ಗುಣಿಸಿದರೆ 828 ವ್ಯಾಟ್ ಒಳಗೆ ಹೋಗುತ್ತೆ. ಅದರಿಂದ 3000 ಹೆಂಗ ಹೊರಗ ಬರ್ತದ? 500 ವ್ಯಾಟ್ ಹೊರಗೆ ಬರಬೇಕಾದರೆ, 80 ಪರ್ಸೆಂಟ್ ಎಫಿಶಿಯನ್ಸಿ ಹಿಡಿದರೆ, ಎಳೆಯೋದು ಸುಮಾರು 45 ಆಂಪಿಯರ್. ಡೈನಮೋ 80 ಆಂಪಿಯರಿನದು. ಬ್ಲೋವರ್, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಎಂಜಿನ್ ಸೇರಿ ಅದರಲ್ಲಿ 35-40 ತಿಂತಾವೆ. ಆದರೂ ಹಾಡಿನಲ್ಲಿ ಬೇಸ್ ಬಿಟ್ಟು ಬಿಟ್ಟು ಬರೋದರಿಂದ ನಡುವಿನ ಹೊಡೆತ ಬ್ಯಾಟ್ರಿ ತಗೊಳ್ಳುತ್ತೆ, ದೊಡ್ಡ ಡೈನಮೋ ಬೇಕಿಲ್ಲ. ಬೇಕಾದ್ದು ಒಳ್ಳೇ ವೈರು, ಒಳ್ಳೇ ಅರ್ತ್. ಇಷ್ಟೆಲ್ಲ ಲೆಕ್ಕ ಹಾಕಿ ಹೋದವನೂ ಅಂಗಡಿಯಲ್ಲಿ ವೈರಿನ ಮೈಮೇಲಿನ "4 ಗೇಜ್ ಓಎಫ್‌ಸಿ" (ಓಎಫ್‌ಸಿ ಅಂದರೆ ಶುದ್ಧ ತಾಮ್ರ) ಅನ್ನೋ ಪ್ರಿಂಟ್ ಓದಿ ತಲೆ ಆಡಿಸಿ ಬಂದೆ. ಪ್ರಿಂಟ್ ಓದಿದೆ, ವೈರ್ ನೋಡಲಿಲ್ಲ.

ನಾಲ್ಕನೇ ದಿನಕ್ಕೆ ಬೇಸ್ ಹೊಡೆದಾಗೆಲ್ಲ ಹೆಡ್‌ಲೈಟ್ ಕಣ್ಣು ಮಿಟುಕಿಸೋಕೆ ಶುರು. ವಾಲ್ಯೂಮ್ ಸ್ವಲ್ಪ ಏರಿಸಿದರೆ ಆಂಪಿನ ಕೆಂಪು ಲೈಟ್ ಹತ್ತಿ ಪ್ರೊಟೆಕ್ಟ್‌ಗೆ ಹೋಗ್ತಿತ್ತು, ಅಂದರೆ ತನ್ನನ್ನ ಕಾಪಾಡಿಕೊಳ್ಳೋಕೆ ತಾನೇ ಬಂದ್ ಆಗ್ತಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ. "ಬ್ಯಾಟ್ರಿ ಸಣ್ಣದಾತ್ರಿ ಸರ್, 65 ಎಎಚ್ ಕೂಡಸ್ರಿ." (ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟ್ರಿ ಹಿಡಿಯೋ ಚಾರ್ಜಿನ ಅಳತೆ.) ಬ್ಯಾಟ್ರಿ ಹೊಸದು ಅಂದೆ. "ಹಂಗಾದ್ರ ಒಂದ್ ಕೆಪಾಸಿಟರ್ ಹಾಕ್ರಿ, ಲೈಟ್ ಡಿಮ್ ಆಗೂದ್ ನಿಂದ್ರತೈತಿ. ಗ್ಯಾರಂಟಿ ನಂದು."

1 ಫ್ಯಾರಡ್ ಕೆಪಾಸಿಟರ್ 14 ವೋಲ್ಟಿನಿಂದ 12ಕ್ಕೆ ಇಳಿಯೋವರೆಗೆ ಕೊಡೋದು 26 ಜೂಲ್. ಈ ಆಂಪಿಗೆ ಅದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿಗೂ ಸಾಲದು. ಗೊತ್ತಿದ್ದೂ ಹಾಕಿಸಿದೆ. ನೀಲಿ ಡಿಸ್‌ಪ್ಲೇಯಲ್ಲಿ ವೋಲ್ಟೇಜ್ ತೋರಿಸುತ್ತೆ, ಅಷ್ಟೇ ಲಾಭ. ಆ ಡಿಸ್‌ಪ್ಲೇನೇ ಅವನ ಬಣ್ಣ ಬಯಲು ಮಾಡಿದ್ದು ಅನ್ನೋದು ಬೇರೆ ಮಾತು: ಬೇಸ್ ಬಂದಾಗ 11.4, 11.2 ಅಂತ ಕೆಳಗೆ ಬೀಳ್ತಿತ್ತು.

ಮಲ್ಟಿಮೀಟರ್ ತಗೊಂಡು ಕೂತೆ. ಎಂಜಿನ್ ಚಾಲೂ, 50 ಹರ್ಟ್ಜ್ ಟೋನ್ (ಒಂದೇ ಸಮನೆ ಬರೋ ಬೇಸ್ ಸದ್ದು) ಹಾಕಿ ನೋಡಿದರೆ ಬ್ಯಾಟ್ರಿ ಮೇಲೆ 13.2, ಆಂಪ್ ಮೇಲೆ 11.3. ದಾರಿಯಲ್ಲೇ 1.9 ವೋಲ್ಟ್ ಮಾಯ. ಯಾವ ಕಡೆ ಹೋಗ್ತಿದೆ ಅಂತ ಹಿಡಿಯೋದು ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟ್ರಿ ಪ್ಲಸ್‌ಗೆ, ಇನ್ನೊಂದು ಆಂಪಿನ ಪ್ಲಸ್‌ಗೆ ಹಿಡಿಯಿರಿ (ಉದ್ದ ವೈರ್ ಜೋಡಿಸಿಕೊಳ್ಳಬೇಕು): 1.3 ಬಂತು. ಮೈನಸ್‌ನಿಂದ ಮೈನಸ್‌ಗೆ: 0.6. ಅಸಲಿ 4 ಗೇಜ್ ತಾಮ್ರ 5 ಮೀಟರ್ ಇದ್ದರೆ 45 ಆಂಪಿಯರಿಗೆ ಪ್ಲಸ್ ವೈರಿನಲ್ಲಿ 0.2 ವೋಲ್ಟ್ ಕೂಡ ಇಳಿಯಬಾರದು.

ಮೈನಸ್ ಕಡೆ ನೋಡಿದರೆ ಅರ್ತನ್ನ ಹಿಂದಿನ ಸೀಟ್ ಬೆಲ್ಟ್ ಬೋಲ್ಟಿಗೆ ಹಚ್ಚಿದ್ದ, ಪೇಂಟ್ ಮೇಲೇ! ಪೇಂಟ್ ಕೆರೆದಿಲ್ಲ, ಸ್ಟಾರ್ ವಾಷರ್ ಇಲ್ಲ. ಸೀಟ್ ಬೆಲ್ಟ್ ಬೋಲ್ಟ್ ಜೀವ ಉಳಿಸೋ ಬೋಲ್ಟ್, ಅದನ್ನ ಬಿಚ್ಚಿ ಲಗ್ ತುರುಕೋದು ತಪ್ಪು.

ಪ್ಲಸ್ ಕಡೆ ಇನ್ನೂ ಘೋರ. ಫ್ಯೂಸ್ ಇದ್ದದ್ದು ಡಿಕ್ಕಿಯಲ್ಲಿ, ಆಂಪಿನ ಪಕ್ಕ. ಫ್ಯೂಸ್ ಇರೋದು ವೈರ್ ಕಾಯೋಕೆ, ಆಂಪ್ ಕಾಯೋಕಲ್ಲ. ಬ್ಯಾಟ್ರಿಯಿಂದ 45 ಸೆಂಟಿಮೀಟರ್ ಒಳಗೆ ಇರಬೇಕು. ಇಲ್ಲಿ ನಾಲ್ಕೂವರೆ ಮೀಟರ್ ವೈರು ಫ್ಯೂಸ್ ಇಲ್ಲದೆ ಕಾರಿನ ಉದ್ದಕ್ಕೂ ಮಲಗಿತ್ತು. ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ಟೂ ಇಲ್ಲ. ತಗಡಿನ ಅಂಚು ತಾಗಿ ಪ್ಲಾಸ್ಟಿಕ್ ಮೇಲೆ ಉಗುರಿನಿಂದ ಗೀರಿದ ಹಾಗೆ ಗೆರೆ ಬಿದ್ದಿತ್ತು. ಇನ್ನೊಂದೆರಡು ತಿಂಗಳು ಧಾರವಾಡಕ್ಕೆ ಓಡಾಡಿದ್ದರೆ ಆ ಗೆರೆ ತಂತಿ ಮುಟ್ಟಿ, ಅಲ್ಲೇ ಬೆಂಕಿ. ಫ್ಯೂಸ್ ಹೋಲ್ಡರಿನ ಒಂದು ಬದಿ ಆಗಲೇ ಕಾದು ಮೆತ್ತಗಾಗಿತ್ತು.

ಬ್ಯಾಟ್ರಿ ಮೈನಸ್ ಮೊದಲು ಬಿಚ್ಚಿ, ವೈರಿನ ತುದಿ ಒಂದಿಂಚು ಕತ್ತರಿಸಿ ಸುಲಿದೆ. ದಪ್ಪ ಪ್ಲಾಸ್ಟಿಕ್, ಒಳಗೆ ಬಡಕಲು ತಂತಿ. 4 ಗೇಜ್ ಅಂದರೆ 21 ಚದರ ಮಿ.ಮೀ., ತಂತಿಯ ಕಟ್ಟು ಸುಮಾರು 6 ಮಿ.ಮೀ. ದಪ್ಪ ಇರಬೇಕು. ವರ್ನಿಯರ್ ಹಿಡಿದರೆ 4 ಕೂಡ ಇಲ್ಲ. ಅಂದರೆ 8 ಗೇಜ್. ಆದರೂ ಬಣ್ಣ ಕೆಂಪೇ ಇದೆಯಲ್ಲ ಅಂತ ಸಮಾಧಾನ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದೆ. ಬೆಳ್ಳಗೆ. ಇನ್ನೊಂದು ಎಳೆ. ಬೆಳ್ಳಗೆ. ಎರಡು ಸಲ ಬಗ್ಗಿಸಿದರೆ ಪಟ್ ಅಂತ ಮುರಿದೇ ಹೋಯ್ತು. ಪೂರ್ತಿ 5 ಮೀಟರ್ ಕಿತ್ತು ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟರೆ ಪ್ಲಾಸ್ಟಿಕ್ ಸಮೇತ 600 ಗ್ರಾಂ ಕೂಡ ಇಲ್ಲ. ಅಸಲಿ 4 ಗೇಜಾದರೆ ಬರೀ ತಾಮ್ರವೇ 900 ಗ್ರಾಂ ದಾಟಬೇಕು.

ವೈರ್ ತಗೊಂಡು ಅಂಗಡಿಗೆ ಹೋದೆ. ಗಿರಾಕಿ ಇದ್ದರು, ಅವನು ನನ್ನನ್ನ ಮೂಲೆಗೆ ಕರೆದ.

"ಅದು ಟಿನ್ ಕೋಟಿಂಗ್ ಐತ್ರಿ ಸರ್. ಫಾರಿನ್ ಮಾಲ್ ಹಂಗ ಇರ್ತೈತಿ. ಜಂಗ್ ಹಿಡೀಬಾರ್ದಂತ ಟಿನ್ ಹಚ್ಚಿರ್ತಾರ."

"ಟಿನ್ ಹಚ್ಚಿದ್ರ ಹೊರಗ ಬೆಳ್ಳಗ ಇರ್ಬೇಕಲ್ರೀ, ಒಳಗ ಕೆಂಪು. ಇದು ಹೊರಗ ಕೆಂಪು, ಒಳಗ ಬೆಳ್ಳಗ ಐತಿ."

ಸ್ವಲ್ಪ ಹೊತ್ತು ವೈರನ್ನೇ ತಿರುಗಿಸಿ ನೋಡಿದ. "ನಾವೇನ್ ತಯಾರ್ ಮಾಡ್ತೀವೇನ್ರಿ? ಡೀಲರ್ ಕೊಟ್ಟದ್ ಹಾಕ್ತೀವಿ. ಇಷ್ಟ್ ಮಂದಿ ಹಾಕಿಸ್ಕೊಂಡ್ ಹೋಗ್ಯಾರ, ಯಾರೂ ನಿಮ್ಮಂಗ ಕೆರದ್ ನೋಡಿಲ್ಲ."

ಮೂರನೇ ವೈರ್ ಎಲ್ಲಿ ಅಂದೆ. "ಹುಡುಗ ಮರ್ತಿರ್ಬೇಕ್ರಿ." ಮರೆತ ಹುಡುಗ ಸ್ಲೀವ್ ತೊಡಿಸೋದು ಮಾತ್ರ ಮರೆಯಲಿಲ್ಲ ನೋಡಿ! ಪಕ್ಕಾ ಬಿಲ್ ಕೇಳಿದರೆ "18 ಪರ್ಸೆಂಟ್ ಮ್ಯಾಲೆ ಆಗ್ತದ್ರಿ, ಆವಾಗ ಬ್ಯಾಡ ಅಂದಿದ್ರಿ." ನಾನು ಬೇಡ ಅಂದಿಲ್ಲ. ಕೇಳೋದೇ ಮರೆತಿದ್ದೆ.

ಈಗ ಹಾಕಿಸೋರಿಗೆ. ವೈರ್ ಕತ್ತರಿಸಿದ ಕೂಡಲೇ ಒಂದು ಎಳೆ ಕೆರೆಯಿರಿ, ಅವರ ಎದುರಿಗೇ. ಗೇಜ್ ಅನ್ನೋ ಮಾತು ಬಿಡಿ, ಚದರ ಮಿ.ಮೀ. ಎಷ್ಟು ಅಂತ ಕೇಳಿ, ಚೀಟಿಯಲ್ಲಿ ಬರೆಸಿ. ಡೆಕೋರ್ ಅಂಗಡಿಯ ಬಣ್ಣದ ವೈರೇ ಬೇಕಂತಿಲ್ಲ, ಎಲೆಕ್ಟ್ರಿಕಲ್ ಅಂಗಡಿಯ 25 ಚದರ ಮಿ.ಮೀ. ತಾಮ್ರದ ವೆಲ್ಡಿಂಗ್ ಕೇಬಲ್ ಚೆನ್ನಾಗಿ ನಡೆಯುತ್ತೆ. ಎಣ್ಣೆ, ಬಿಸಿ ತಡೆಯೋ ಎಚ್‌ಒಎಫ್‌ಆರ್ ಹೊದಿಕೆಯದು ತಗೊಳ್ಳಿ. ವೆಲ್ಡಿಂಗ್ ಕೇಬಲ್ಲಿನಲ್ಲೂ ಅಲ್ಯುಮಿನಿಯಂ ಬರುತ್ತೆ, ಅದನ್ನೂ ಕೆರೆಯಿರಿ. ಲಗ್ಗನ್ನ ಸುತ್ತಿಗೆಯಿಂದ ಬಡಿಯೋಕೆ ಬಿಡಬೇಡಿ, ಹೈಡ್ರಾಲಿಕ್ ಕ್ರಿಂಪರ್ (ಲಗ್ಗನ್ನ ವೈರಿಗೆ ಒತ್ತಿ ಕೂಡಿಸೋ ಸಾಧನ) ಇದ್ದವರ ಹತ್ತಿರ ಮಾಡಿಸಿ. ಹೊಸ ಕಾರಾಗಿದ್ದರೆ ಬ್ಯಾಟ್ರಿ ಮೈನಸ್ ಮೇಲೆ ಸಣ್ಣ ಸೆನ್ಸರ್ ಇದೆಯಾ ನೋಡಿ. ಇದ್ದರೆ ಹೊಸ ಅರ್ತನ್ನ ಬ್ಯಾಟ್ರಿಯ ಮೊಳೆಗೆ ನೇರ ಹಚ್ಚಬಾರದು, ಸೆನ್ಸರ್ ದಾಟಿದ ಮೇಲೆ ಬಾಡಿ ಕಡೆ ಹಚ್ಚಬೇಕು. ಇಲ್ಲದಿದ್ದರೆ ಆಂಪ್ ಎಳೆಯೋ ಕರೆಂಟ್ ಕಾರಿನ ಲೆಕ್ಕಕ್ಕೇ ಬರಲ್ಲ, ಚಾರ್ಜಿಂಗ್ ತಪ್ಪುತ್ತೆ. ಕಡೆಗೆ, ರೊಕ್ಕ ಎಣಿಸೋ ಮೊದಲು ಟೋನ್ ಹಾಕಿ ಬ್ಯಾಟ್ರಿ ಮೇಲೊಮ್ಮೆ, ಆಂಪ್ ಮೇಲೊಮ್ಮೆ ಮೀಟರ್ ಹಿಡಿಸಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಜೇಬಿಗೆ ಕೈ ಹಾಕಬೇಡಿ.

ವೈರ್ ಬದಲಾಯಿಸಿ, ಅರ್ತ್ ಬೇರೆ ಬೋಲ್ಟಿಗೆ ಪೇಂಟ್ ಕೆರೆದು ಹಚ್ಚಿದ ಮೇಲೆ ಅದೇ ಟೋನಿಗೆ ಬ್ಯಾಟ್ರಿ 13.4, ಆಂಪ್ 13.1. ಆಂಪ್ ಪ್ರೊಟೆಕ್ಟ್‌ಗೆ ಹೋಗಿಲ್ಲ. ಬ್ಯಾಟ್ರಿ ಮೊದಲಿದ್ದದ್ದೇ, 65 ಎಎಚ್ ಅಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳೋಣ ಅಂದರೆ ಕೈಯಲ್ಲಿರೋದು ಕಚ್ಚಾ ಚೀಟಿ. ಅಂಗಡಿಯವನು ಕೊನೆಗೆ ಕೆಪಾಸಿಟರ್ ವಾಪಸ್ ಇಟ್ಟುಕೊಂಡು 1,000 ಕೊಟ್ಟ. ಆ ಕೆಪಾಸಿಟರನ್ನ ಮತ್ಯಾರಿಗೋ 2,600ಕ್ಕೇ ಹಾಕಿರ್ತಾನೆ.