ಶವರ್ ಟ್ರೇ ಕೆಳಗಿನ ಎರಡು ಪ್ಯಾನೆಲ್: ಮೂರು ವರ್ಷ ಬಳಸಿದ ಮೇಲೆ

ಶವರ್ ಕೆಳಗೆ ನಿಂತು ಸ್ನಾನ ಮಾಡುವ ಟ್ರೇ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಬಿಳಿ ಬಣ್ಣ, 900ಕ್ಕೆ 900 ಮಿ.ಮೀ., ಕಾಲು ಜಾರುವುದಿಲ್ಲ, ನೀರು ನಿಲ್ಲುವುದಿಲ್ಲ. ಉಳಿದದ್ದೆಲ್ಲ ಡಬ್ಬದ ಮೇಲೇ ಇರುತ್ತದೆ. ನಾನು ಬರೆಯಲು ಕೂತಿರುವುದು ಅದರ ಕೆಳಗಿರುವ ಎರಡು ಪ್ಯಾನೆಲ್‌ಗಳ ಬಗ್ಗೆ. ಒಂದು ಮುಂದೆ, ಒಂದು ಪಕ್ಕದಲ್ಲಿ. ಎರಡನ್ನೂ ತೆಗೆದು ಒಳಗಿನ ಪೈಪು ನೋಡಬಹುದು. ಎರಡರ ನಕ್ಷೆಯೂ ನನ್ನದೇ. ಹಾಗಾಗಿ ಬೈಯುವುದಿದ್ದರೂ ನನ್ನನ್ನೇ ಬೈದುಕೊಳ್ಳಬೇಕು.

ಹಿಂದೆ ಇದ್ದ ಟ್ರೇಯನ್ನು ಇಟ್ಟಿಗೆ, ಗಾರೆಯಲ್ಲಿ ಹೂತು ಮೇಲೆ ಟೈಲ್ಸ್ ಹಾಕಿದ್ದರು. ನೋಡೋಕೆ ಚೆನ್ನಾಗಿತ್ತು. ಎಷ್ಟು ತಿಂಗಳಿಂದ ಒಳಗೆ ಜಿನುಗುತ್ತಿತ್ತೋ ಗೊತ್ತಾಗಲೇ ಇಲ್ಲ. ಬಾತ್‌ರೂಮಿನ ಆಚೆ ಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ, ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿದಾಗ ಗೊತ್ತಾಯಿತು. ಸುತ್ತಿಗೆ ತಗೊಂಡು ಎಲ್ಲ ಒಡೆದ ಮೇಲೆ ಸಿಕ್ಕಿದ್ದು ಏನು? ಮಡಚಿಕೊಂಡು ಕೂತಿದ್ದ ಒಂದು ರಬ್ಬರ್ ವಾಷರ್. ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿದೆ. ಇದಕ್ಕೋಸ್ಕರ ಒಂದು ಬಾತ್‌ರೂಮು ಹೋಯಿತಲ್ಲ ಅಂತ.

ಹೊಸದಕ್ಕೆ ನೆಲ ಕೊರೆಯುವಂತಿರಲಿಲ್ಲ, ಕೆಳಗೆ ಸ್ಲ್ಯಾಬ್. ಅಂದರೆ ಟ್ರೇಯನ್ನೇ ಎತ್ತರಿಸಬೇಕು. ನೀರು ಹೋಗುವ 40 ಮಿ.ಮೀ. ಪೈಪು ಗೋಡೆ ಮುಟ್ಟಲು 1.6 ಮೀಟರ್ ಹೋಗಬೇಕಿತ್ತು. ಮೀಟರಿಗೆ 25 ಮಿ.ಮೀ. ಇಳಿಜಾರು ಹಿಡಿದರೆ 40 ಮಿ.ಮೀ. ಅದಕ್ಕೇ ಹೋಯಿತು. ಮೇಲೆ ಟ್ರ್ಯಾಪ್‌ಗೆ (ನೀರು ಹಿಡಿದಿಟ್ಟು ವಾಸನೆ ತಡೆಯುವ ಭಾಗ) ಜಾಗ, ಕೈ ಆಡಿಸೋಕೆ ಒಂದಿಷ್ಟು. ಕೊನೆಗೆ ಟ್ರೇ ಕೆಳಗೆ 140 ಮಿ.ಮೀ. ಬಿಟ್ಟೆ. ತಿರುಗಿಸಿ ಎತ್ತರ ಸರಿಮಾಡುವ ಐದು ಕಾಲುಗಳು: ನಾಲ್ಕು ಮೂಲೆಗೆ, ಒಂದು ನಡುವೆ. ಟ್ರೇ ಮೂಲೆಯಲ್ಲಿರುವುದರಿಂದ ಎರಡು ಕಡೆ ಗೋಡೆ, ಎರಡು ಕಡೆ ಖಾಲಿ. ಖಾಲಿ ಇರುವ ಆ ಎರಡು ಕಡೆಗೂ ಪ್ಯಾನೆಲ್.

ಮುಂದಿನದು ನನ್ನ ಹೆಮ್ಮೆಯ ಕೂಸು. ಸಿಮೆಂಟ್ ಬೋರ್ಡಿನ ಮೇಲೆ ನೆಲಕ್ಕೆ ಹಾಕಿದ ಟೈಲ್ಸ್‌ನೇ ಅಂಟಿಸಿ, ಹಿಂದೆ ಆಯಸ್ಕಾಂತ ಕೂರಿಸಿದ್ದು. ಸ್ಕ್ರೂ ಕಾಣಲ್ಲ, ಹಿಡಿ ಕಾಣಲ್ಲ. ಬಂದವರಿಗೆ ಅಲ್ಲೊಂದು ಪ್ಯಾನೆಲ್ ಇದೆ ಅಂತಲೇ ತಿಳಿಯುವುದಿಲ್ಲ. ತೆಗೆಯಲು ಟೈಲ್ಸ್ ಕೆಲಸದವರು ಬಳಸುವ ಸಕ್ಷನ್ ಕಪ್ ಬೇಕು. ಒತ್ತಿ ಎಳೆದರೆ ಮೊದಲು ಸ್ವಲ್ಪ ಹಟ ಮಾಡುತ್ತದೆ, ಆಮೇಲೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಆ ಸದ್ದು ಕೇಳೋಕೇ ಮೊದಲ ತಿಂಗಳು ಸುಮ್ನೆ ನಾಲ್ಕೈದು ಸಲ ತೆಗೆದು ಹಾಕಿದ್ದೆ.

ಪಕ್ಕದ್ದು ಬರೀ 300 ಮಿ.ಮೀ. ಅಗಲದ ಪಿವಿಸಿ ಹಲಗೆ. ಎರಡು ಸ್ಟೀಲ್ ಸ್ಕ್ರೂ, ಅಷ್ಟೇ. ಬಾಗಿಲು ತೆರೆದರೆ ಅದರ ಹಿಂದೆ ಮರೆಯಾಗುತ್ತದೆ. ಬಜೆಟ್ ಮೀರುತ್ತಿದೆ ಅಂತ ಇದನ್ನು ಬಿಟ್ಟೇಬಿಡೋಣ ಅಂದುಕೊಂಡಿದ್ದೆ. ಉಳಿದ ಹಲಗೆ ತುಂಡೊಂದು ಬಿದ್ದಿತ್ತು ಅಂತ ಹಾಕಿಸಿದ್ದು.

ಇನ್ನು ದೂರುಗಳು. ಎಲ್ಲವೂ ಮುಂದಿನ ಪ್ಯಾನೆಲ್ ಮೇಲೆಯೇ.

ಮೊದಲನೆಯದು ಅದು ಹುಟ್ಟಿದ ದಿನವೇ ಆಯಿತು. ಸಂಜೆ ಬಂದು ನೋಡಿದರೆ ಪ್ಲಂಬರ್ ಪ್ಯಾನೆಲ್‌ನ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಸಿಲಿಕಾನ್ ಎಳೆದುಬಿಟ್ಟಿದ್ದರು. "ಸಾರ್, ಸಂದು ಕಾಣ್ತಿತ್ತು, ಮುಚ್ಚಿಬಿಟ್ಟೆ. ಈಗ ನೋಡಿ ಹೇಗಿದೆ" ಅಂದರು. ಮುಖದಲ್ಲಿ ಅಷ್ಟು ಸಂತೋಷ, ಬೈಯೋಕೂ ಆಗಲಿಲ್ಲ. ತೆಗೆಯೋಕೆ ಅಂತ ಮಾಡಿದ ಪ್ಯಾನೆಲ್ಲು, ತೆಗೆಯೋಕೆ ಆಗದ ಹಾಗೆ ಅಂಟಿಕೊಂಡಿತ್ತು. ಅವರು ಹೋದ ಮೇಲೆ ಬ್ಲೇಡ್ ಹಿಡಿದು ಒಂದು ಗಂಟೆ ಕೂತು ಕತ್ತರಿಸಿದೆ. ಕೆಳಗಡೆ 4 ಮಿ.ಮೀ. ಸಂದು ಬೇಕಂತಲೇ ಬಿಟ್ಟೆ. ಒಳಗೆ ಗಾಳಿ ಆಡಬೇಕು. ಅದಕ್ಕಿಂತ ಮುಖ್ಯ, ಒಳಗೆ ನೀರು ಬಿದ್ದರೆ ಹೊರಗೆ ಬಂದು ಹೇಳಬೇಕು. ಎಲ್ಲ ಕಡೆ ಮುಚ್ಚಿದರೆ ಟ್ರೇ ಕೆಳಗೆ ಒಂದು ಸಣ್ಣ ಕೆರೆಯೇ ಕಟ್ಟಿಕೊಳ್ಳುತ್ತದೆ, ನಮಗೆ ಸುದ್ದಿ ಬರುವುದು ಮತ್ತೆ ಆಚೆ ಗೋಡೆಯಿಂದಲೇ.

ಸಿಲಿಕಾನ್ ಬೇಕಾದ ಜಾಗ ಟ್ರೇ ಮತ್ತು ಗೋಡೆಯ ನಡುವೆ. ಅಲ್ಲಿ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿಸಿದೆ. ಅವರು ಸಿಲಿಕಾನ್ ಎಳೆಯುವಾಗ ನಾನು ಟ್ರೇ ಒಳಗೆ ಕಂಬದ ಹಾಗೆ ನಿಂತಿದ್ದೆ. ಭಾರ ಬಿದ್ದಾಗ ಟ್ರೇ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಖಾಲಿ ಇದ್ದಾಗ ಸಿಲಿಕಾನ್ ಎಳೆದು ಆಮೇಲೆ ಟ್ರೇಯಲ್ಲಿ ನಿಂತರೆ ಅದು ಜಗ್ಗಿ ಕಿತ್ತುಕೊಳ್ಳುತ್ತದೆ.

ಎರಡನೇ ದೂರು ಆಯಸ್ಕಾಂತ. ಅದು ಕಚ್ಚಿಕೊಳ್ಳಲಿ ಅಂತ ತುಕ್ಕು ಹಿಡಿಯದ ಸ್ಟೀಲ್ ಪಟ್ಟಿ ತಂದೆ. ಜಾಣತನ ಅಂದುಕೊಂಡೆ. ಮನೆಗೆ ತಂದು ನೋಡಿದರೆ ಆಯಸ್ಕಾಂತ ಅದಕ್ಕೆ ಅಂಟುವುದೇ ಇಲ್ಲ! ನಾನು ತಂದಿದ್ದು 304 ಗ್ರೇಡ್, ಅದಕ್ಕೆ ಆಯಸ್ಕಾಂತ ಹೆಚ್ಚುಕಮ್ಮಿ ಹಿಡಿಯುವುದೇ ಇಲ್ಲ. 430 ಗ್ರೇಡ್‌ಗೆ ಹಿಡಿಯುತ್ತದೆ. ಮತ್ತೊಂದು ಸಲ ಅಂಗಡಿಗೆ ಹೋದೆ. ಪಟ್ಟಿ ಸರಿಹೋಯಿತು, ಆದರೆ ವರ್ಷ ತುಂಬುವಷ್ಟರಲ್ಲಿ ಆಯಸ್ಕಾಂತವೇ ಕೊಳೆಯತೊಡಗಿತು. ಈ ಪುಟಾಣಿ ನಿಯೋಡಿಮಿಯಂ ಆಯಸ್ಕಾಂತಗಳ ಮೈಮೇಲೆ ನಿಕ್ಕಲ್ ಲೇಪ ಇರುತ್ತದೆ. ಅದು ಒಂದು ಕಡೆ ಚೂರು ಎದ್ದರೆ ಸಾಕು, ಒಳಗೆ ತುಕ್ಕು ಹಿಡಿದು, ಉಬ್ಬಿ, ಪುಡಿಯಾಗುತ್ತದೆ. ಆರರಲ್ಲಿ ಎರಡು ಹೀಗೆ ಹೋದವು. ಟೈಲ್ಸ್ ಸೇರಿ ನಾಲ್ಕು ಕೆಜಿ ಹತ್ತಿರ ತೂಗುವ ಪ್ಯಾನೆಲ್ಲು ಒಂದು ಬೆಳಿಗ್ಗೆ ನನ್ನ ಕಾಲ್ಬೆರಳ ಮೇಲೆ ಮಲಗಿತು. ಆಮೇಲೆ ರಬ್ಬರ್ ಹೊದಿಸಿದ ಆಯಸ್ಕಾಂತ ತಂದೆ. ಮೊದಲೇ ತರಬಹುದಿತ್ತು ಅಲ್ವಾ?

ಇದೆಲ್ಲ ಹೇಗೋ ಸಹಿಸಬಹುದು. ನಿಜವಾದ ಎಡವಟ್ಟು ಬೇರೆಯೇ ಇದೆ. ಟ್ರೇಯ ನೀರಿನ ತೂತು ಹಿಂದಿನ ಗೋಡೆ ಕಡೆಗೆ, ಪಕ್ಕದ ಅಂಚಿಗೆ ಹತ್ತಿರ. ಮುಂದಿನ ಪ್ಯಾನೆಲ್‌ನಿಂದ ಅಲ್ಲಿಗೆ 65 ಸೆಂ.ಮೀ. ನಕ್ಷೆಯಲ್ಲಿ ಇದು ಏನೂ ಅಲ್ಲ ಅನಿಸಿತ್ತು. ನೆಲದ ಮೇಲೆ ಮಲಗಿ, ಕೆನ್ನೆಯನ್ನು ಒದ್ದೆ ಟೈಲ್ಸ್‌ಗೆ ಒತ್ತಿ, ಭುಜದವರೆಗೆ ಕೈ ತೂರಿಸಿದಾಗ ನನ್ನ ನಡುಬೆರಳ ತುದಿ ಆ ತೂತಿನ ಕೆಳಗಿನ ನಟ್ಟಿಗೆ ಮುಟ್ಟಿತು. ಮುಟ್ಟಿತು ಅಷ್ಟೇ, ತಿರುಗಿಸುವ ಮಾತೇ ಇಲ್ಲ. ಕೈ ಒಳಗೆ ಹೋದರೆ ಕಣ್ಣಿಗೆ ದಾರಿ ಇಲ್ಲ, ಕಣ್ಣು ಇಟ್ಟರೆ ಕೈಗೆ ದಾರಿ ಇಲ್ಲ. ಅಷ್ಟು ಆಸೆಪಟ್ಟು ಟೈಲ್ಸ್ ಅಂಟಿಸಿದ ಪ್ಯಾನೆಲ್ಲು ಅಂದಿನಿಂದ ಒಂದು ಕಿಟಕಿಯಷ್ಟೇ ಆಯಿತು, ಟಾರ್ಚ್ ಬಿಟ್ಟು ಇಣುಕೋಕೆ.

ಕೂದಲು ತೆಗೆಯೋಕೆ ಪ್ಯಾನೆಲ್ ಬೇಕಾ ಅಂತ ಕೇಳುತ್ತಾರೆ. ಬೇಡ. ಶವರ್ ಟ್ರ್ಯಾಪ್‌ಗಳಲ್ಲಿ ಮೇಲಿನ ಮುಚ್ಚಳ ತೆಗೆದು ಒಳಗಿನ ಬಟ್ಟಲನ್ನು ಎತ್ತುವಂಥವು ಸಿಗುತ್ತವೆ, ಅದನ್ನೇ ತಗೊಳ್ಳಿ. ನಾನು ವಾರಕ್ಕೊಮ್ಮೆ ಎತ್ತುತ್ತೇನೆ. ಸೋಪಿನ ಲೋಳೆ ಮೆತ್ತಿಕೊಂಡ ಕೂದಲಿನ ಉಂಡೆ ಒಂದು ಬರುತ್ತದೆ. ಮಗಳದ್ದು ಉದ್ದ ಕೂದಲು, ನನ್ನದು ಈಗ ಲೆಕ್ಕಕ್ಕಿಲ್ಲ. ಹಳೇ ಬ್ರಶ್ಶಿನಿಂದ ಬಟ್ಟಲು ಉಜ್ಜಿ, ವಾಪಸ್ ಒತ್ತಿ ಕೂರಿಸಿ, ಒಂದು ಮಗ್ ನೀರು ಸುರಿಯಬೇಕು. ಆ ನೀರೇ ಒಳಗೆ ನಿಂತು ವಾಸನೆ ತಡೆಯುವುದು. ಸಾಮಾನ್ಯವಾಗಿ 50 ಮಿ.ಮೀ. ಆಳ ನಿಂತಿರುತ್ತದೆ. ತುಂಬಾ ದಿನ ಊರಿಗೆ ಹೋಗಿ ಬಂದಾಗ ಬಾತ್‌ರೂಮು ನಾತ ಹೊಡೆದರೆ ಪೈಪು ಒಡೆದಿದೆ ಅಂತ ಗಾಬರಿ ಬೇಡ, ಆ ನೀರು ಆರಿರುತ್ತದೆ. ಮೊದಲು ಒಂದು ಬಕೆಟ್ ಸುರಿದು ನೋಡಿ.

ಈಗ ಪಕ್ಕದ ಹಲಗೆಗೆ ಬರೋಣ.

ಅದರಿಂದ ಟ್ರ್ಯಾಪ್‌ಗೆ ಒಂದು ಗೇಣು ದೂರ. ಹಳೇ ಬಾತ್‌ರೂಮಿನ ಹೆದರಿಕೆಯಲ್ಲಿ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೆ. ತಿಂಗಳ ಮೊದಲ ಭಾನುವಾರ ಆ ಎರಡು ಸ್ಕ್ರೂ ಬಿಚ್ಚಿ, ಟ್ರ್ಯಾಪ್ ಕೆಳಗೆ ಒಂದು ಬಿಳಿ ಹಾಳೆ ತಳ್ಳುತ್ತೇನೆ. ಹಾಳೆ ತುಂಬಾ ಇಂಕ್ ಪೆನ್ನಲ್ಲಿ ಅಡ್ಡಡ್ಡ ಗೆರೆ, ಮೂಲೆಯಲ್ಲಿ ತಾರೀಕು. ಬಾಲ್‌ಪೆನ್ ಆಗುವುದಿಲ್ಲ. ಇಂಕ್ ಆದರೆ ಒಂದೇ ಹನಿ ಬಿದ್ದರೂ ಕದಡಿಕೊಂಡು ನೀಲಿ ಹೂವಾಗುತ್ತದೆ. ಮುಂದಿನ ತಿಂಗಳೊಳಗೆ ಒಣಗಿದರೂ ಗುರುತು ಹೋಗುವುದಿಲ್ಲ. ಮನೆಯಲ್ಲಿ ಎಲ್ಲರೂ ನಕ್ಕರು. "ಅಪ್ಪ ಪೈಪಿಗೆ ಪರೀಕ್ಷೆ ಇಟ್ಟಿದ್ದಾರೆ, ಉತ್ತರ ಪತ್ರಿಕೆ ತೆಗೆಯೋಕೆ ಹೋಗಿದ್ದಾರೆ" ಅಂತ ಮಗಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು.

ಇಪ್ಪತ್ತೈದು ಹಾಳೆ ಖಾಲಿ ಬಂದವು. ಇಪ್ಪತ್ತಾರನೆಯದರಲ್ಲಿ ಮೂರು ಗೆರೆ ಕದಡಿದ್ದವು. ನಾಣ್ಯದಷ್ಟು ಅಗಲ, ಅಂಚಿನಲ್ಲಿ ಗಾಢ ನೀಲಿ, ನಡುವೆ ತಿಳಿ. ಕಾಗದ ಅಲ್ಲಿ ಮಾತ್ರ ಸುಕ್ಕಾಗಿತ್ತು. ನಿಜ ಹೇಳಬೇಕೆಂದರೆ ಒಂದು ಕ್ಷಣ ಖುಷಿಯೇ ಆಯಿತು.

ಆಮೇಲೆ ಹುಡುಕಾಟ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ನೀರಿನ ತೂತಿಗೆ ಒತ್ತಿ, ಟ್ರೇಯಲ್ಲಿ ನೀರು ನಿಲ್ಲಿಸಿದೆ. ಅರ್ಧ ಗಂಟೆ ಕಾದೆ. ಹೊಸ ಹಾಳೆ ಒಣಗಿಯೇ ಇತ್ತು. ಬಟ್ಟೆ ತೆಗೆದು ನೀರನ್ನು ಒಟ್ಟಿಗೆ ಬಿಟ್ಟೆ. ಆಗಲೂ ಒಂದು ಹನಿ ಇಲ್ಲ. ಹಾಳೆ ಸುಳ್ಳು ಹೇಳಿತಾ? ತಲೆ ಕೆರೆದುಕೊಂಡು ಕೂತಿದ್ದಾಗ ಹೊಳೆಯಿತು: ಸ್ನಾನ ಮಾಡುವಾಗ ಟ್ರೇ ಖಾಲಿ ಇರುವುದಿಲ್ಲವಲ್ಲ. ಮಗಳನ್ನು ಕರೆದು ಟ್ರೇ ಒಳಗೆ ನಿಲ್ಲಲು ಹೇಳಿದೆ, ನೀರು ಬಿಟ್ಟೆ, ನಾನು ಪಕ್ಕದ ಕಿಂಡಿಯಿಂದ ಟಾರ್ಚ್ ಹಿಡಿದೆ.

"ಅಪ್ಪಾ, ಸುಮ್ನೆ ನಿಂತ್ಕೊಳ್ಲಾ, ಕುಣೀಲಾ?"

"ಎಡಗಾಲಿಂದ ಬಲಗಾಲಿಗೆ ಭಾರ ಹಾಕು, ನಿಧಾನಕ್ಕೆ."

ಅವಳು ಹಿಂದಿನ ಮೂಲೆಗೆ ಭಾರ ಹಾಕಿದಾಗ, ಟ್ರೇ ತೂತಿಗೆ ಪೈಪು ಸೇರಿಸುವ ವೇಸ್ಟ್ ಕಪ್ಲಿಂಗ್‌ನ ಅಂಚಿನಲ್ಲಿ ಒಂದು ಮಣಿ ಕಟ್ಟಿಕೊಂಡಿತು. ಟಾರ್ಚ್ ಬೆಳಕಿಗೆ ಹೊಳೆಯಿತು, ದಪ್ಪವಾಯಿತು, ಬಿತ್ತು. ಕಾಲು ಬದಲಿಸಿದಳು, ನಿಂತಿತು. ಮತ್ತೆ ಹಾಕಿದಳು, ಮತ್ತೆ ಒಂದು. ಆ ಮೂಲೆಯ ಕಾಲನ್ನು ತಿರುಗದಂತೆ ಬಿಗಿಹಿಡಿಯುವ ಚೆಕ್‌ನಟ್ ಸಡಿಲವಾಗಿತ್ತು. ಭಾರ ಬಿದ್ದಾಗ ಟ್ರೇ ಅಲ್ಲಿ ಬಾಗುತ್ತದೆ, ಕೆಳಗಿನ ಪೈಪನ್ನು ನೆಲಕ್ಕೆ ಗಟ್ಟಿಯಾಗಿ ಬಿಗಿದಿದೆ, ಅದು ಬಾಗುವುದಿಲ್ಲ. ಇಬ್ಬರ ನಡುವೆ ಸಿಕ್ಕಿ ನರಳುತ್ತಿದ್ದದ್ದು ಪಾಪ ರಬ್ಬರು. ಕಾಲನ್ನು ತಿರುಗಿಸಿ ಎತ್ತರಿಸಿದೆ, ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ಬಂದ ಮೇಲೆ ಚೆಕ್‌ನಟ್ ಬಿಗಿದೆ. ಕಪ್ಲಿಂಗ್ ಬಿಚ್ಚಿ ಹೊಸ ರಬ್ಬರ್ ಹಾಕಿದೆ. ಕೈಗೆ ಬೇಕಾದಷ್ಟು ಜಾಗ, ಕಣ್ಣಿಗೂ ಜಾಗ. ನಲವತ್ತು ನಿಮಿಷದಲ್ಲಿ ಮುಗಿಯಿತು. ಒಂದು ಟೈಲ್ಸ್ ಕೂಡ ಒಡೆಯಲಿಲ್ಲ.

ಅಷ್ಟು ಮಾಡಿದ್ದು ಉಳಿದ ಹಲಗೆಯ ತುಂಡು! ದುಡ್ಡು ಸುರಿದ ಮುಂದಿನ ಪ್ಯಾನೆಲ್ಲು ಅವತ್ತು ಗೋಡೆಗೆ ಒರಗಿ ನಿಂತು ನೋಡುತ್ತಿತ್ತು.

ನೀವು ಮಾಡಿಸುವುದಾದರೆ ಟೈಲ್ಸ್ ಆರಿಸುವ ಮುಂಚೆ ಟ್ರೇಯನ್ನು ಕಾಲುಗಳ ಮೇಲೆ ಇಟ್ಟು, ನೀವೇ ನೆಲಕ್ಕೆ ಮಲಗಿ ಕೈ ಹಾಕಿ ನೋಡಿ. ಕೈ ಮತ್ತು ಕಣ್ಣು ಎರಡೂ ನಟ್ಟಿಗೆ ಮುಟ್ಟುವ ಕಡೆಗೇ ಪ್ಯಾನೆಲ್ ಇರಲಿ, ಅದು ಚಂದ ಕಾಣದಿದ್ದರೂ ಪರವಾಗಿಲ್ಲ. ಹಿಂದಿನ ಇನ್ನೊಂದು ಮೂಲೆಯ ಕಾಲು ನನಗೆ ಇವತ್ತಿಗೂ ಯಾವ ಕಡೆಯಿಂದಲೂ ಸಿಗುವುದಿಲ್ಲ. ಅದು ಸಡಿಲವಾದರೆ ದೇವರೇ ಗತಿ. ಅಲ್ಲಿನ ಚೆಕ್‌ನಟ್ಟನ್ನು ಕೂರಿಸುವ ದಿನವೇ ಎರಡು ಸಲ ಬಿಗಿಸಿ ನೋಡಬೇಕಿತ್ತು.

ಎತ್ತರದ ವಿಷಯವೂ ಹೇಳಲೇಬೇಕು. 140 ಮಿ.ಮೀ. ಮೇಲೆ ಟ್ರೇ ಅಂಚು ಸೇರಿದರೆ ಒಂದು ಪೂರ್ತಿ ಮೆಟ್ಟಿಲು. ನನಗೆ ತೊಂದರೆ ಇಲ್ಲ. ಅಮ್ಮ ಮಾತ್ರ ಬಂದಾಗಲೆಲ್ಲ "ಸ್ನಾನಕ್ಕೆ ಹೋಗೋಕೆ ಬೆಟ್ಟ ಹತ್ತಬೇಕಲ್ಲೋ" ಅನ್ನುತ್ತಾರೆ. ಮಂಡಿ ನೋವಿನವರಿಗೆ, ಮೈ ಒದ್ದೆಯಿರುವಾಗ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಗೋಡೆಗೆ ಹಿಡಿ ಹಾಕಿಸಿದೆ. ನೆಲ ಕೊರೆಯಲು ಆಗುವ ಮನೆಯಾಗಿದ್ದರೆ ಈ ಎತ್ತರದ ಟ್ರೇಗೆ ನಾನು ಹೋಗುತ್ತಲೇ ಇರಲಿಲ್ಲ.

ಐದಕ್ಕೆ ಅಂಕ ಕೇಳಿದರೆ ಟ್ರೇಗೆ ನಾಲ್ಕು, ಮುಂದಿನ ಪ್ಯಾನೆಲ್‌ಗೆ ಎರಡು, ಪಕ್ಕದ ಹಲಗೆಗೆ ಐದು. ತಿಂಗಳಿಗೊಮ್ಮೆ ಬಗ್ಗಿ ನೋಡುವ ಅಭ್ಯಾಸ ನಿಮಗಿಲ್ಲದಿದ್ದರೆ ಈ ಐದನ್ನು ಮೂರು ಅಂತ ಓದಿಕೊಳ್ಳಿ. ಮೊನ್ನೆ ಭಾನುವಾರ ಮೂವತ್ತೇಳನೇ ಹಾಳೆ ತೆಗೆದೆ. ಗೆರೆಗಳೆಲ್ಲ ನೆಟ್ಟಗಿದ್ದವು. ಒಂದು ಮೂಲೆಯಲ್ಲಿ ಮಾತ್ರ ಏನೋ ಬರೆದ ಹಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಮಗಳ ಕೈಬರಹ, ಕೆಂಪು ಇಂಕಿನಲ್ಲಿ: "ಪಾಸ್".