ವೈರ್‌ಶಾರ್ಕ್: ಏಳು ಲೇಯರ್ ಬಾಯಿಪಾಠ ಮಾಡಿದವರಿಗೆ

ನೆಟ್‌ವರ್ಕ್ ಕೆಲಸವನ್ನು ಹಂತ ಹಂತವಾಗಿ ವಿಂಗಡಿಸುವ ಓಎಸ್‌ಐ ಮಾಡೆಲ್‌ನ ಏಳು ಲೇಯರ್ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಚಿತ್ರ ಬರೆದು, ಹಾಲ್‌ನಿಂದ ಹೊರಗೆ ಬರುವಷ್ಟರಲ್ಲಿ ಮರೆತವರೇ ಜಾಸ್ತಿ ಅಲ್ವಾ? ಅಂಥವರು ವೈರ್‌ಶಾರ್ಕ್ ಹಾಕಿಕೊಳ್ಳಿ, ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾ ಹಿಡಿದು ಬಿಚ್ಚಿ ತೋರಿಸುವ ಸಾಫ್ಟ್‌ವೇರ್ ಇದು. ಪುಕ್ಕಟೆ, ಓಪನ್ ಸೋರ್ಸ್. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಈಥೀರಿಯಲ್ ಅಂತ ಬಿಟ್ಟಿದ್ದು, 2006ರಲ್ಲಿ ಹೆಸರು ಬದಲಾಯಿತು. ವಿಂಡೋಸ್‌ನಲ್ಲಿ ಡೇಟಾ ಹಿಡಿದುಕೊಡುವ ಎನ್‌ಪಿಕ್ಯಾಪ್ ಡ್ರೈವರ್ ಕೂಡ ಬೇಕು, ಇನ್‌ಸ್ಟಾಲರೇ ಕೇಳುತ್ತದೆ.

ಕ್ಯಾಪ್ಚರ್ ಶುರುವಾದ ಕೂಡಲೇ ಸಾಲು ಸಾಲು ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಸುರಿಯುತ್ತವೆ, ಹೊಸಬರಿಗೆ ತಲೆ ಗಿರ್ ಅನ್ನುತ್ತದೆ. ಮೇಲಿನ ಫಿಲ್ಟರ್‌ನಲ್ಲಿ dns ಅಂತ ಬರೆಯಿರಿ (ಡಿಎನ್‌ಎಸ್ ಅಂದರೆ ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಹಾಕಿ ಯಾವುದಾದರೂ ಸೈಟ್ ಹೆಸರು ಕೊಡಿ, ಬಂದ ಪ್ಯಾಕೆಟ್ ಒಂದನ್ನು ಒತ್ತಿ. ಈಥರ್ನೆಟ್, ಐಪಿ, ಯುಡಿಪಿ, ಡಿಎನ್‌ಎಸ್ ಒಂದರ ಕೆಳಗೊಂದು ಕಾಣುತ್ತವೆ, ಒಂದೊಂದೂ ಒಂದು ಲೇಯರ್. ಯಾವ ಸಾಲು ಒತ್ತಿದರೂ ಅದರ ಬೈಟ್‌ಗಳಿಗೆ ಮಾತ್ರ ಬಣ್ಣ ಬರುತ್ತದೆ.

ಮಜಾ ಇರುವುದು ಇಲ್ಲೇ. ಮೊದಲ 14 ಬೈಟ್ ಈಥರ್ನೆಟ್‌ನ ಹೆಡರ್, ಅಂದರೆ ಆ ಲೇಯರ್‌ನ ತಲೆಬರಹ. ಅದರ ಕೊನೆಯ ಎರಡು ಬೈಟ್ 08 00 ಇದ್ದರೆ ಒಳಗಿರುವುದು ಐಪಿವಿ4, 86 ಡಿಡಿ ಇದ್ದರೆ ಐಪಿವಿ6. ಐಪಿ ಹೆಡರ್‌ನಲ್ಲಿ ಪ್ರೊಟೊಕಾಲ್ ನಂಬರ್ 17 ಅಂದರೆ ಮುಂದಿನದು ಯುಡಿಪಿ, 6 ಅಂದರೆ ಟಿಸಿಪಿ. ಯುಡಿಪಿಯಲ್ಲಿ ಪೋರ್ಟ್ 53 ಅಂದರೆ ಡಿಎನ್‌ಎಸ್. ಪ್ರತಿ ಲೇಯರ್ ತನ್ನ ಹೆಡರ್ ಓದಿ, ಮುಂದೆ ಯಾರ ಕೈಗೆ ಕೊಡಬೇಕು ಅನ್ನುವ ನಂಬರ್ ನೋಡಿ ದಾಟಿಸುತ್ತದೆ, ಒಳಗೇನಿದೆ ಅನ್ನುವ ಗೊಡವೆ ಅದಕ್ಕಿಲ್ಲ. ಕೇಬಲ್ ಕಿತ್ತು ವೈಫೈಗೆ ಬಂದರೂ ಬ್ರೌಸರ್‌ಗೆ ಏನೂ ಅನ್ನಿಸದಿರುವುದು ಇದಕ್ಕೇ. ಇನ್ನೊಂದು, ಹೊರಗಿನ ಸೈಟ್‌ಗೆ ಹೋಗುವ ಪ್ಯಾಕೆಟ್‌ನಲ್ಲಿ ತಲುಪಬೇಕಾದ ಐಪಿ ವಿಳಾಸ ದೂರದ ಸರ್ವರ್‌ದು, ಆದರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ವಿಳಾಸ) ನಿಮ್ಮ ಮನೆಯ ರೂಟರ್‌ದು. ಪುಸ್ತಕದಲ್ಲಿ ಎಷ್ಟು ಓದಿದರೂ ಇದು ತಲೆಗೆ ಹೋಗುವುದು ಕಣ್ಣಾರೆ ನೋಡಿದಾಗಲೇ.

ಹಾಂ, ಏಳು ಲೇಯರ್ ಹುಡುಕಬೇಡಿ. ಸೆಷನ್, ಪ್ರೆಸೆಂಟೇಷನ್ ಅಂತ ಸಾಲೇ ಇರುವುದಿಲ್ಲ. ಇಂಟರ್ನೆಟ್ ನಡೆಯುವುದು ಟಿಸಿಪಿ/ಐಪಿ ಮೇಲೆ, 1983ರ ಜನವರಿ 1ಕ್ಕೆ ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್ ಅದಕ್ಕೆ ಬದಲಾಗಿತ್ತು, ಓಎಸ್‌ಐ ಸ್ಟ್ಯಾಂಡರ್ಡ್ ಬಂದಿದ್ದು ಆಮೇಲೆ, 1984ರಲ್ಲಿ.

ಕೊರತೆ ಇಲ್ಲ ಅಂತೇನಿಲ್ಲ. ಮೆನುಗಳು ಸಿಕ್ಕಾಪಟ್ಟೆ, ಕಪ್ಪು ಬಣ್ಣದ ಸಾಲು ಕಂಡರೆ ಏನೋ ಹಾಳಾಯಿತು ಅಂತ ಹೆದರಿಕೆ, ಎಷ್ಟೋ ಸಲ ಅದು ಕಳೆದುಹೋದ ತುಂಡನ್ನು ಟಿಸಿಪಿ ಮತ್ತೆ ಕಳಿಸಿದ್ದು ಅಷ್ಟೇ. ಎಚ್‌ಟಿಟಿಪಿಎಸ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ಕಳಿಸುವುದರಿಂದ ಒಳಗಿನದು ಸುಮ್ನೆ ಕೂತರೆ ಕಾಣಲ್ಲ. ರಾತ್ರಿಯಿಡೀ ಓಡಲು ಬಿಟ್ಟರೆ ರ‍್ಯಾಮ್ ನುಂಗಿಬಿಡುತ್ತದೆ.

ಮನೆಯ ನೆಟ್‌ವರ್ಕ್‌ನಲ್ಲಿ ಆಡಿ. ಆಫೀಸಿನಲ್ಲಿ ಕೇಳದೆ ಓಡಿಸಿದರೆ ಐಟಿಯವರು ನೇರ ನಿಮ್ಮ ಟೇಬಲ್‌ಗೇ ಬರುತ್ತಾರೆ.